ರಂಗಪ್ಪನ ಬೆಟ್ಟಕ್ಕೆ ಇಂಥ ದಾನ ಬೇಡ



ದೀಪಾವಳಿ ಕಾರ್ಯಕ್ರಮದಲ್ಲಿ ಉಳಿದ ಹಣವನ್ನು, ಹುಲಿಗಳ ಉಳಿವಿಗಾಗಿ ಕಾಡಿನೊಳಗಿನ ಜನವಸತಿಯನ್ನು ಹೊರಗೆ ಸಾಗಿಸುವ ಸಂಸ್ಥೆಯೊಂದಕ್ಕೆ ಕಳಿಸಬೇಕೆಂಬ ಸೂಚನೆ ಈ ಸಲದ ಸರ್ವಸದಸ್ಯರ ಸಭೆಗೆ ಬರಲಿದೆ. ಅದರಲ್ಲಿ ಹೆಸರಿಸಿರುವ ಕಾಡು ಬಿಳಿಗಿರಿರಂಗನ ಬೆಟ್ಟ. ಚಾಮರಾಜನಗರ, ಯಳಂದೂರು ಕಡೆಯ ಕೆಲವು ಕುಟುಂಬದವರಾದ ನಾವು ಇದನ್ನು ಖಂಡಿತ ಒಪ್ಪುವುದಿಲ್ಲ.

ಆ ಬೆಟ್ಟದ ಸುತ್ತ ಇರುವುದು ಸೋಲಿಗರ ಪೋಡುಗಳು: ಬಂಗ್ಲೆಪೋಡು, ಹೊಸಪೋಡು, ಮುತ್ತುಗದಗದ್ದೆ, ಇನ್ನೂ ಹಲವು. ಇವರನ್ನು 'ಅತಿಕ್ರಮಣಕಾರರು' ಎಂದು ಬರೆದವರು ಬೆಟ್ಟದ ಕಥೆಯನ್ನಾದರೂ ಕೇಳಬೇಕಿತ್ತು. ರಂಗಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನಂತೆ. ಅದಕ್ಕೇ ಅವರಿಗೆ ದೇವರು 'ಭಾವ'. ರಜೆಯಲ್ಲಿ ಊರಿಗೆ ಹೋದಾಗ ಭಾವನ ದರ್ಶನ ಮಾಡಿ, ಪ್ರಸಾದ ತಿಂದು ಬರುವ ನಾವು ಅವನ ಭಾವಮೈದುನರನ್ನು ಮನೆ ಬಿಡಿಸಲು ಚೆಕ್ಕು ಬರೆಯುವುದೇ?

1974ರಲ್ಲಿ ಕಾಡು ಅಭಯಾರಣ್ಯವಾಯಿತು. ಚದುರಿದ್ದ ಪೋಡುಗಳನ್ನು ಒಂದೆಡೆ ಸೇರಿಸಿದರು. ಹಳೆಯ ಬೇಸಾಯ ನಿಂತಿತು, ತರಗುಬೆಂಕಿಯೂ ನಿಂತಿತು. ಬೇಸಿಗೆ ಏರುವ ಮುಂಚೆ ಒಣ ಎಲೆಗೆ ಸಣ್ಣಗೆ ಬೆಂಕಿ ಹಾಕಿ ನೆಲ ಹಸನು ಮಾಡುವ ಪದ್ಧತಿ ಅದು. ಅದು ನಿಂತ ಮೇಲೆಯೇ ಲಂಟಾನ ಬೆಟ್ಟವನ್ನು ನುಂಗಿತು ಎನ್ನುತ್ತಾರೆ ಸೋಲಿಗ ಹಿರಿಯರು. ಸಂಶೋಧಕರೂ ಈ ಮಾತನ್ನು ತಳ್ಳಿಹಾಕಿಲ್ಲ. ಲಂಟಾನದ ಕೆಳಗೆ ಹುಲ್ಲು ಬೆಳೆಯದು. ಹುಲ್ಲಿಲ್ಲದೆ ಜಿಂಕೆಯಿಲ್ಲ, ಜಿಂಕೆಯಿಲ್ಲದೆ ಹುಲಿ ಏನು ತಿನ್ನಬೇಕು? 2006ರಲ್ಲಿ ಜೇನು, ನೆಲ್ಲಿಕಾಯಿ ತಂದು ಮಾರುವುದಕ್ಕೂ ತಡೆ ಬಿತ್ತು. (ಅದೇ ಬೆಟ್ಟದ ಕಾಫಿ ತೋಟಗಳ ಬಗ್ಗೆ ಸೂಚನೆಯಲ್ಲಿ ಒಂದಕ್ಷರವೂ ಇಲ್ಲ!)

2011ರ ಜನವರಿಯಲ್ಲಿ ಅದು ಹುಲಿ ರಕ್ಷಿತಾರಣ್ಯವೆಂದು ಘೋಷಣೆಯಾಯಿತು. ಅದೇ ಅಕ್ಟೋಬರಿನಲ್ಲಿ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಕೊಟ್ಟರು. ಗ್ರಾಮಸಭೆ ತಾನಾಗಿ ಒಪ್ಪದೆ ಯಾರನ್ನೂ ಎಬ್ಬಿಸುವಂತಿಲ್ಲ ಎಂದು ಆ ಕಾಯ್ದೆಯೇ ಹೇಳುತ್ತದೆ. ಇಷ್ಟಾದರೂ 2024ರಲ್ಲಿ ದೇಶದ ಹುಲಿ ಕಾಡುಗಳೊಳಗಿನ 591 ಹಳ್ಳಿಗಳ ಸ್ಥಳಾಂತರ ಚುರುಕುಗೊಳಿಸಿರೆಂದು ದೆಹಲಿಯಿಂದ ರಾಜ್ಯಗಳಿಗೆ ಪತ್ರ ಹೋಯಿತು.

ಕಾಡಿನ ಮಕ್ಕಳಿಗೆ ಶಾಲೆ, ಆಸ್ಪತ್ರೆ ಬೇಡವೇ ಎಂದು ಕೆಲವರು ಕೇಳುತ್ತಾರೆ. ಬೇಕು. ಡಾ. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅವೆರಡನ್ನೂ ಬೆಟ್ಟದ ಮೇಲೆಯೇ ನಡೆಸಿ ತೋರಿಸಿದೆ. ಯಾರನ್ನೂ ಕೆಳಗಿಳಿಸಬೇಕಾಗಲಿಲ್ಲ.

ಸಭೆಯ ದಿನ ದಯವಿಟ್ಟು ಊಟದ ಹೊತ್ತಿಗಲ್ಲ, ಮತದ ಹೊತ್ತಿಗೇ ಬನ್ನಿ. ಸೂಚನೆ ಬಿದ್ದರೆ ಹಣವನ್ನು ಏನು ಮಾಡಬೇಕೆಂದು ಪೋಡಿನವರನ್ನೇ ಕೇಳಿ ಬರೆಸೋಣ. ಅಲ್ಲಿಯವರೆಗೆ ಅದು ಬ್ಯಾಂಕಿನಲ್ಲಿರಲಿ.