ಜಿಲ್ಲೆಗೊಂದೇ ತಿನಿಸು ಏಕೆ?

ಧಾರವಾಡ ಎಂದರೆ ಪೇಡ, ಬೆಳಗಾವಿ ಎಂದರೆ ಕುಂದ, ಮದ್ದೂರು ಎಂದರೆ ವಡೆ, ದಾವಣಗೆರೆ ಎಂದರೆ ಬೆಣ್ಣೆದೋಸೆ. ಮಕ್ಕಳಿಗೆ ಹೀಗೆ ಬಾಯಿಪಾಠ ಮಾಡಿಸಿದವಳು ನಾನು. ಆ ತಪ್ಪನ್ನು ಒಪ್ಪಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಚನ್ನಗಿರಿ ಕಡೆಯವಳು. ಜಗಳೂರು ತಾಲ್ಲೂಕಿನ ಶಾಲೆಯೊಂದರಲ್ಲಿದ್ದಾಗ 'ನಮ್ಮ ಜಿಲ್ಲೆಯ ವಿಶೇಷ ತಿನಿಸು' ಎಂದು ಐದು ಸಾಲು ಬರೆಸಿದೆ. ಹುಡುಗಿಯೊಬ್ಬಳು ನವಣೆ ಅನ್ನ, ಹುರುಳಿಕಾಳಿನ ಸಾರು ಎಂದು ಬರೆದಳು. ನಾನು ಕೆಂಪು ಶಾಯಿಯಲ್ಲಿ ಗೀಟು ಹಾಕಿ 'ಬೆಣ್ಣೆದೋಸೆ' ಎಂದು ತಿದ್ದಿದೆ. "ಅದನ್ನ ನಾನು ತಿಂದೇ ಇಲ್ಲ ಮಿಸ್" ಎಂದಳು. ತರಗತಿಯೆಲ್ಲ ನಕ್ಕಿತು. ಪರೀಕ್ಷೆಯಲ್ಲಿ ಅವಳು ದುಂಡಗೆ 'ಬೆಣ್ಣೆದೋಸೆ' ಎಂದೇ ಬರೆದಳು. ತಿನ್ನದ ರುಚಿಗೆ ನಾನು ಪೂರ್ಣ ಅಂಕ ಕೊಟ್ಟೆ!

ಯೋಚಿಸಿ ನೋಡಿ. ನಮ್ಮ ಜಿಲ್ಲೆ ಆದದ್ದು 1997ರಲ್ಲಿ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಎಷ್ಟೋ ವರ್ಷಗಳ ಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಗಡಿ ಗುರುತಿಸಿದ್ದು ಸರ್ಕಾರ. ಗಡಿಗೆಯಲ್ಲಿ ಏನು ಬೇಯಬೇಕೆಂದು ಹೇಳಿದ್ದು ಮಣ್ಣು ಮತ್ತು ಮಳೆ. ಹೊನ್ನಾಳಿಗೆ ತುಂಗಭದ್ರೆ ಇದ್ದಾಳೆ, ಚನ್ನಗಿರಿಗೆ ಸೂಳೆಕೆರೆ ಇದೆ. ಅಲ್ಲಿ ಭತ್ತ, ಅಕ್ಕಿರೊಟ್ಟಿ, ಕಡುಬು. ಮೋಡ ನೋಡಿ ಬಿತ್ತುವ ಜಗಳೂರಿನಲ್ಲಿ ಜೋಳ, ರಾಗಿ, ನವಣೆ. ಇವರೆಲ್ಲರ ಬಾಯಿಗೂ ಒಂದೇ ದೋಸೆ ತುರುಕುವುದು ಯಾವ ನ್ಯಾಯ?

"ಹೊರಗಿನವರಿಗೆ ಒಂದು ಗುರುತು ಬೇಡವೇ?" ಎನ್ನುವವರಿದ್ದಾರೆ. ಬೇಕು. ಆದರೆ ಆ ಗುರುತು ಯಾವಾಗಲೂ ಹೋಟೆಲಿನ ಬೋರ್ಡಿನ ಮೇಲೇ ಏಕಿರಬೇಕು? ಕಾಸು ಕೊಟ್ಟು ತಿನ್ನುವುದಕ್ಕೆ ಕೀರ್ತಿ. ನಾವು ಹೆಂಗಸರು ದಿನಕ್ಕೆರಡು ಹೊತ್ತು ಹೊಗೆ ಕುಡಿದು ಬೇಯಿಸಿದ್ದಕ್ಕೆ 'ಅದರಲ್ಲೇನಿದೆ ವಿಶೇಷ' ಎಂಬ ಮಾತು.

ದೋಸೆಯ ಮೇಲೆ ನನಗೆ ಕೋಪವಿಲ್ಲ. ದಾವಣಗೆರೆಗೆ ಹೋದರೆ ನಾನೂ ಇನ್ನೊಂದು ಹಾಕಿಸಿಕೊಳ್ಳುವವಳೇ. ಅದನ್ನು ಶುರು ಮಾಡಿದವರು 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ಎಂದೂ, ಮೊದಮೊದಲು ಅವರು ಹುಯ್ಯುತ್ತಿದ್ದುದು ರಾಗಿಹಿಟ್ಟಿನ ದೋಸೆ ಎಂದೂ ಊರಲ್ಲಿ ಹೇಳುತ್ತಾರೆ. ಹಾಗಿದ್ದರೆ ಈ ಕೀರ್ತಿಯ ಬೇರೂ ಒಬ್ಬ ಬಡತಾಯಿಯ ರಾಗಿಯಲ್ಲೇ ಇದೆಯಲ್ಲ!

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಈಗ ನವಣೆ ಚೆಂದದ ಪೊಟ್ಟಣದಲ್ಲಿ ಅಂಗಡಿಗೆ ಬಂದಿದೆ. ಸಕ್ಕರೆ ಕಾಯಿಲೆಗೆ ಹೆದರಿ ನಾವೇ ಕೊಳ್ಳುತ್ತೇವೆ. ಬಡವರ ಮನೆಯಲ್ಲಿದ್ದಾಗ ನಾಚಿಕೆ, ಪೇಟೆಗೆ ಬಂದಾಗ ಆರೋಗ್ಯ!

ಅಕ್ಕತಂಗಿಯರೇ, ಮನೆಗೆ ನೆಂಟರು ಬಂದರೆ ಮುದ್ದೆಯ ಪಾತ್ರೆಯನ್ನು ಒಳಗೆ ಸರಿಸಿ ಉಪ್ಪಿಟ್ಟಿಗೆ ರವೆ ಹುರಿಯಬೇಡಿ. ಮಕ್ಕಳು ಮನೆಯ ಊಟದ ಹೆಸರು ಬರೆದರೆ ಗೀಟು ಹಾಕಬೇಡಿ. ಆ ಹುಡುಗಿಯ ಉತ್ತರ ಸರಿಯಾಗಿತ್ತು. ತಪ್ಪಿದ್ದದ್ದು ನನ್ನ ಪ್ರಶ್ನೆ.