ಇಳಿತದ ಕೆಸರು ಪಾಳುನೆಲವೇ?

ಕಳೆದ ಮಾರ್ಚಿಯಲ್ಲಿ ನಮ್ಮ ತರಗತಿಯ ಚರ್ಚಾಕೂಟದಲ್ಲಿ ಮಿತ್ರರೊಬ್ಬರು, ಮಂಗಳೂರಿನ ನದೀತೀರದ ಕೆಸರುದಿಣ್ಣೆಗಳು ಪಾಳುನೆಲವೆಂದೂ, ಅವುಗಳಿಗೆ ಮಣ್ಣು ತುಂಬಿಸಿ ಉದ್ಯಾನ ಮಾಡಿದರೆ ನಗರದ ಶೋಭೆ ಹೆಚ್ಚುವುದೆಂದೂ ವಾದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆ ಚಪ್ಪಾಳೆಯನ್ನು ಹಿಂದಕ್ಕೆ ಪಡೆಯುವುದಕ್ಕಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಾನು ಬೆಂಗ್ರೆಯವನು. ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಕಡಲು ಸೇರುವ ಅಳಿವೆಯ ಬದಿಯ ಊರು ಅದು. ದಿನವೂ ದೋಣಿಯಲ್ಲಿ ಹೊಳೆ ದಾಟಿ ಕಾಲೇಜಿಗೆ ಬರುತ್ತೇನೆ. ಧಕ್ಕೆಯಲ್ಲಿ ಬೋಟುಗಳ ಸುತ್ತ ಹಾರಾಡುವ ಕಡಲಹಕ್ಕಿಗಳನ್ನು ನೀವೆಲ್ಲರೂ ಕಂಡಿದ್ದೀರಿ. ಚಳಿಗಾಲದಲ್ಲಿ ಅವುಗಳ ತಲೆ ಬಿಳಿ, ಕಿವಿಯ ಬಳಿ ಒಂದು ಕಪ್ಪುಬೊಟ್ಟು. ವಸಂತ ಬಂತೆಂದರೆ ಒಂದೊಂದಾಗಿ ಕಂದು ಟೋಪಿ ತೊಡುತ್ತವೆ. ಅದು ಪ್ರಯಾಣದ ಗುರುತು; ಲಡಾಖ್, ಟಿಬೆಟ್ಟುಗಳ ಎತ್ತರದ ಸರೋವರಗಳಲ್ಲಿ ಗೂಡು ಕಟ್ಟಲು ಅವು ಹೊರಟಿರುತ್ತವೆ. ಆದರೆ ಇವಕ್ಕೆ ನಾವು ಎಸೆದ ಮೀನಿನ ಕರುಳಾದರೂ ಸಾಕು. ಇವುಗಳ ಗದ್ದಲ ಕೇಳಿ ಹೊಳೆ ಕ್ಷೇಮವಾಗಿದೆಯೆಂದು ತಿಳಿಯಬಾರದು.

ನಿಜವಾದ ಪರೀಕ್ಷೆ ಇರುವುದು ಕೆಸರಿನಲ್ಲಿ. ನೀರು ಇಳಿದಾಗ ಅಲ್ಲಿ ಟಿಟ್ಟಿಭದ ಬಳಗದ ಒಂದು ಹಕ್ಕಿ ಓಡಾಡುತ್ತದೆ. ಬೆನ್ನಿನ ಮೇಲೆ ಹೊನ್ನಿನ ಚುಕ್ಕೆಗಳು. ಏಪ್ರಿಲಿನ ಹೊತ್ತಿಗೆ ಹೊಟ್ಟೆ ಕಪ್ಪಾಗತೊಡಗುತ್ತದೆ. ಅದರ ತವರು ಸೈಬೀರಿಯ. ಹುಳುಗಳನ್ನೂ ಎಳೆಯ ಚಿಪ್ಪಿಗಳನ್ನೂ ತಿಂದು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳದೆ ಅದು ಸಾವಿರಾರು ಮೈಲಿ ಹಾರಲಾರದು. ಕೆಸರೇ ಅದರ ಬುತ್ತಿ. ಭರತ ಬಂದರೆ ಆ ಹೊತ್ತಿನ ಊಟ ಮುಗಿಯಿತು. ಮಣ್ಣು ಬಿದ್ದರೆ ಎಂದೆಂದಿಗೂ ಮುಗಿಯಿತು.

ಅದೇ ಕೆಸರಿನಲ್ಲಿ, ಅದೇ ಹೊತ್ತಿನಲ್ಲಿ, ನನ್ನ ತಾಯಿ ಮರುವಾಯಿ ಹೆಕ್ಕುತ್ತಾರೆ. ನನ್ನ ಮೊದಲ ವರ್ಷದ ಪುಸ್ತಕಗಳು ಬಂದದ್ದು ಆ ದುಡ್ಡಿನಿಂದ. ಇದನ್ನು ಮೂರು ವರ್ಷ ಯಾರಿಗೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಬಿ.ಎ. ತನಕ ಓದಿದವನು ನಾನೇ ಮೊದಲಿಗ. ಓದಿದವರ ಮಾತು ಕಲಿಯುವ ಆತುರದಲ್ಲಿ, ನನ್ನನ್ನು ಸಾಕಿದ ನೆಲವನ್ನು ‘ಪಾಳು’ ಎಂದವರಿಗೆ ಚಪ್ಪಾಳೆ ತಟ್ಟಿಬಿಟ್ಟೆ.

ಉದ್ಯಾನವೇ ಬೇಡವೆಂದು ನನ್ನ ವಾದವಲ್ಲ. ಸಂಜೆ ಕೂರಲು ನಗರದವರಿಗೂ ಒಂದು ತಾಣ ಬೇಕು. ಅದು ದಂಡೆಯ ಮೇಲಿರಲಿ. ಭರತ ಇಳಿತಗಳ ನಡುವಣ ನೆಲವನ್ನು ಹೊಳೆಗೇ ಬಿಡೋಣ. ಇದು ಆಗದ ಮಾತಲ್ಲ. ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿಯೂ ಚಿಪ್ಪಿ ಹೆಕ್ಕುವವರಿದ್ದಾರೆ, ವಲಸೆಯ ಹಕ್ಕಿಗಳಿವೆ. ಜೌಗುನೆಲಗಳ ರಕ್ಷಣೆಗಾಗಿ 1971ರಲ್ಲಿ ಆದ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಆ ಅಳಿವೆ 2024ರಲ್ಲಿ ಸೇರಿತು.

ಬರುವ ಮಾರ್ಚಿಗೆ ನಾನು ಈ ಕಾಲೇಜಿನಲ್ಲಿರುವುದಿಲ್ಲ. ಗುರುಗಳಲ್ಲಿಯೂ ಕಿರಿಯ ಮಿತ್ರರಲ್ಲಿಯೂ ನನ್ನದೊಂದು ಬಿನ್ನಹ: ಚರ್ಚಾಕೂಟದಲ್ಲಿ ಈ ವಿಷಯ ಮತ್ತೆ ಬಂದರೆ, ಮಾತಿಗೆ ಮೊದಲು ಒಮ್ಮೆ ಹೊಳೆ ದಾಟಿ ಬನ್ನಿ. ಇಳಿತದ ಹೊತ್ತು ಯಾವುದೆಂದು ನನ್ನ ತಾಯಿಯನ್ನು ಕೇಳಿದರೆ ಹೇಳುತ್ತಾರೆ.