ಭದ್ರತಾ ಸಹಾಯಕನ ಕೆಲಸ ಎಂದರು, ಕೈಗೆ ಬಂದೂಕು ಕೊಟ್ಟರು: ಕಲಬುರಗಿ ಯುವಕರು ರಷ್ಯಾ ಸೇನೆ ಸೇರಿದ್ದು ಹೇಗೆ?

ಮಕ್ಕಳ, ನಾಗರಿಕರ ಕೈಗೆ ಬಲವಂತವಾಗಿ ಬಂದೂಕು ಕೊಡುವುದು ಎಂದಾಕ್ಷಣ ಕಾಂಗೋ, ಸುಡಾನ್ ಅಥವಾ ಛತ್ತೀಸ್‌ಗಢದ ಕಾಡುಗಳು ನೆನಪಾಗುತ್ತವೆ. ಆದರೆ 2024ರ ಫೆಬ್ರುವರಿಯಲ್ಲಿ ಈ ಸುದ್ದಿ ಬಂದಿದ್ದು ಕಲಬುರಗಿಯಿಂದ. ಜಿಲ್ಲೆಯ ಮೂವರು ಯುವಕರು ಉಕ್ರೇನ್ ಯುದ್ಧಭೂಮಿಯಲ್ಲಿ ಸಿಲುಕಿದ್ದಾರೆ ಎಂದು ಕುಟುಂಬದವರು ಸರ್ಕಾರದ ಮೊರೆ ಹೋದಾಗ ಇಡೀ ಜಾಲ ಬೆಳಕಿಗೆ ಬಂತು.

ಇಲ್ಲಿ ಯುವಕರನ್ನು ಯಾರೂ ಮನೆಯಿಂದ ಎಳೆದೊಯ್ಯಲಿಲ್ಲ. ನೇಮಿಸಿಕೊಂಡಿದ್ದು ಬಂಡುಕೋರ ಗುಂಪೂ ಅಲ್ಲ, ಒಂದು ದೇಶದ ಸೇನೆ. ಹಾಗಾದರೆ ಇದು ಬಲವಂತವೇ?

ಜಾಲ ನಡೆದಿದ್ದು ಹೀಗೆ

ಈ ಯುವಕರು ಮೊದಲು ದುಬೈನಲ್ಲಿ ದುಡಿಯುತ್ತಿದ್ದವರು. ರಷ್ಯಾದಲ್ಲಿ ಭದ್ರತಾ ಸಹಾಯಕರ ಕೆಲಸವಿದೆ, ಯುದ್ಧಕ್ಕೆ ಹೋಗಬೇಕಿಲ್ಲ, ಸಂಬಳ ಹೆಚ್ಚು ಎಂದು ಏಜೆಂಟರು ನಂಬಿಸಿದರು. ಅಲ್ಲಿಗೆ ಹೋದ ಮೇಲೆ ರಷ್ಯನ್ ಭಾಷೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಓದಲಾಗದ ಆ ಕಾಗದವೇ ಅವರನ್ನು ಸೈನಿಕರನ್ನಾಗಿಸಿತು.

2024ರ ಮಾರ್ಚ್‌ನಲ್ಲಿ ಸಿಬಿಐ ಮಾನವ ಕಳ್ಳಸಾಗಣೆ ಪ್ರಕರಣ ದಾಖಲಿಸಿ, ದೆಹಲಿ, ಮುಂಬೈ, ತಿರುವನಂತಪುರ, ಚೆನ್ನೈ ಸೇರಿದಂತೆ 7 ನಗರಗಳಲ್ಲಿ ಶೋಧ ನಡೆಸಿತು. ಯೂಟ್ಯೂಬ್ ಮತ್ತಿತರ ಸಾಮಾಜಿಕ ಜಾಲತಾಣಗಳ ಮೂಲಕ ಯುವಕರನ್ನು ಸೆಳೆಯಲಾಗಿತ್ತು. ಅವರಿಗೆ ಯುದ್ಧ ತರಬೇತಿ ಕೊಟ್ಟು, ಇಚ್ಛೆಗೆ ವಿರುದ್ಧವಾಗಿ ಮುಂಚೂಣಿಗೆ ಕಳುಹಿಸಲಾಗಿತ್ತು ಎಂದು ಸಿಬಿಐ ಹೇಳಿತು. ಹೀಗೆ ಹೋದ 35 ಮಂದಿಯ ವಿವರ ಆಗಲೇ ಸಿಕ್ಕಿತ್ತು.

ಏರುತ್ತಲೇ ಹೋದ ಲೆಕ್ಕ

2024ರ ಜುಲೈನಲ್ಲಿ ಪ್ರಧಾನಿ ಮೋದಿ ಮಾಸ್ಕೋದಲ್ಲಿ ಪುಟಿನ್ ಮುಂದೆ ವಿಷಯ ಎತ್ತಿದರು. ಸೆಪ್ಟೆಂಬರ್‌ನಲ್ಲಿ ಕಲಬುರಗಿಯ ಮೂವರೂ ತಾಯ್ನಾಡಿಗೆ ಮರಳಿದರು. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಗುಜರಾತ್, ತೆಲಂಗಾಣ, ಕೇರಳದ ಮನೆಗಳಿಗೆ ಮಕ್ಕಳ ಸಾವಿನ ಸುದ್ದಿ ಬಂತು.

2024ರ ಆಗಸ್ಟ್‌ನಲ್ಲಿ ಸರ್ಕಾರ ಲೋಕಸಭೆಗೆ ಕೊಟ್ಟ ಲೆಕ್ಕ 91 ಮಂದಿ, 8 ಸಾವು. 2025ರ ಡಿಸೆಂಬರ್‌ನಲ್ಲಿ ರಾಜ್ಯಸಭೆಗೆ ಕೊಟ್ಟ ಲೆಕ್ಕ 202 ಮಂದಿ, 26 ಸಾವು. 119 ಮಂದಿ ಬಿಡುಗಡೆಯಾಗಿದ್ದರೆ, 7 ಮಂದಿ ನಾಪತ್ತೆ, ಉಳಿದ 50 ಮಂದಿಗಾಗಿ ಪ್ರಯತ್ನ ನಡೆದಿತ್ತು. ಸಿಬಿಐ ದಾಳಿ, ಪ್ರಧಾನಿ ಮಟ್ಟದ ಮಾತುಕತೆ ಎರಡೂ ಆದ ಮೇಲೂ ಸಂಖ್ಯೆ ದುಪ್ಪಟ್ಟಾಗಿದೆ.

ಕಾನೂನು ಎಲ್ಲಿ ಸೋತಿದೆ?

ಮಕ್ಕಳ ವಿಷಯದಲ್ಲಿ ಕಾನೂನು ಸ್ಪಷ್ಟ. 18 ವರ್ಷದೊಳಗಿನವರನ್ನು ಉಗ್ರ ಗುಂಪುಗಳು ಸೇರಿಸಿಕೊಂಡರೆ 2015ರ ಬಾಲ ನ್ಯಾಯ ಕಾಯ್ದೆಯ 83ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಕಠಿಣ ಶಿಕ್ಷೆ, 5 ಲಕ್ಷ ರೂ. ದಂಡ ಇದೆ. ಮಗುವಿನ ಒಪ್ಪಿಗೆಯ ಪ್ರಶ್ನೆಯೇ ಬರುವುದಿಲ್ಲ.

ವಯಸ್ಕರ ವಿಷಯದಲ್ಲಿ ಹಾಗಲ್ಲ. ವಂಚನೆ, ಆಮಿಷ ಇದ್ದರೆ ಒಪ್ಪಿಗೆಗೆ ಬೆಲೆಯಿಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಹೇಳುತ್ತದೆ. ಮೇಲಿನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ಸುಳ್ಳು ಹೇಳಿ ಹಾಕಿಸಿದ ಸಹಿ ಒಪ್ಪಿಗೆಯಲ್ಲ. ಆದರೆ ಶೋಷಣೆ ಎಂದರೇನು ಎಂದು ವಿವರಿಸುವಾಗ ಗುಲಾಮಗಿರಿ, ಭಿಕ್ಷಾಟನೆ, ಅಂಗಾಂಗ ತೆಗೆಯುವುದನ್ನು ಹೆಸರಿಸುವ ಈ ಸೆಕ್ಷನ್, ಪರದೇಶದ ಸೇನೆಗೆ ಸೇರಿಸುವುದನ್ನು ಹೆಸರಿಸಿಲ್ಲ.

ಇನ್ನೊಂದು ಕಿಂಡಿ 1983ರ ವಲಸೆ ಕಾಯ್ದೆಯದ್ದು. ಕೆಲಸಕ್ಕೆ ಹೋಗುವ ಮುನ್ನ ವಲಸೆ ಅನುಮತಿ ಬೇಕಿರುವುದು ಗಲ್ಫ್ ಸೇರಿದಂತೆ 18 ದೇಶಗಳಿಗೆ, ಅದೂ ಇಸಿಆರ್ ಪಾಸ್‌ಪೋರ್ಟ್ ಇರುವವರಿಗೆ ಮಾತ್ರ. ರಷ್ಯಾ ಆ ಪಟ್ಟಿಯಲ್ಲಿಲ್ಲ. ದುಬೈಗೆ ಹೋಗುವಾಗ ತಪಾಸಣೆ ಇದೆ, ದುಬೈನಿಂದ ಮಾಸ್ಕೋಗೆ ಹಾರುವವನನ್ನು ಕೇಳುವವರಿಲ್ಲ.

ನಾವು ನೋಡಬೇಕಾದ್ದೇನು?

ಮುಂಬೈನ ವಿಕ್ರೋಳಿಯಾಗಲಿ, ಕಲಬುರಗಿಯ ಹಳ್ಳಿಯಾಗಲಿ, ವಿದೇಶದ ಕೆಲಸದ ಆಸೆ ಒಂದೇ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂ. ಮತ್ತು ಜಿಎಸ್‌ಟಿ. ಲಕ್ಷಗಳಲ್ಲಿ ಕೇಳಿದರೆ ಅಲ್ಲೇ ಅನುಮಾನ ಪಡಬೇಕು. ಏಜೆಂಟ್ ಹೆಸರು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿದೆಯೇ ನೋಡಬೇಕು. ಓದಲಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಬಾರದು.

ಆದರೆ ಎಚ್ಚರಿಕೆಯ ಹೊಣೆಯನ್ನೆಲ್ಲ ಕೆಲಸ ಹುಡುಕುವವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಸೇನಾ ನೇಮಕವನ್ನು ಕಳ್ಳಸಾಗಣೆಯ ವ್ಯಾಖ್ಯಾನಕ್ಕೆ ಸೇರಿಸುವುದು ಮತ್ತು 18 ದೇಶಗಳ ಪಟ್ಟಿಯನ್ನು ಪರಿಷ್ಕರಿಸುವುದು ಸರ್ಕಾರದ ಕೈಯಲ್ಲೇ ಇದೆ. ಅದಾಗದಿದ್ದರೆ ಮುಂದಿನ ಅಧಿವೇಶನದಲ್ಲಿ ಸಂಸತ್ತು ಕೇಳುವುದು ಇನ್ನೂ ದೊಡ್ಡ ಸಂಖ್ಯೆಯನ್ನೇ.